ಕ್ಯಾಶ್ ಕ್ಲಿಯರ್ ಮಾಡಿ ನೋಡಿ ಸಾರ್

ಕೊಪ್ಪ ತಾಲ್ಲೂಕಿನ ಕಮ್ಮರಡಿಯಲ್ಲಿ ನಮ್ಮ ಮನೆ. ಮಳೆಗಾಲ ಶುರುವಾಯಿತು ಅಂದ್ರೆ ಕರೆಂಟು ಬರೋದು ಹೋಗೋದು ಅದರಿಷ್ಟ, ಇಂಟರ್‌ನೆಟ್ಟೂ ಅದರ ಹಿಂದೆ. ಜಗಲಿಯ ತೆಂಕು ಮೂಲೆಯಲ್ಲಿ ಮಾತ್ರ ಫೋನಿಗೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತೆ. ವರ್ಕ್ ಫ್ರಮ್ ಹೋಮ್ ಹೆಸರಲ್ಲಿ ನಾನು ಊರಲ್ಲಿದ್ದಷ್ಟು ದಿನ ಆ ಮೂಲೆ ನನಗೂ ಅಪ್ಪಯ್ಯನಿಗೂ ಜಂಟಿ ಖಾತೆ. ನಾನು ಮೀಟಿಂಗಿಗೆ ಕೂರೋದು ಅಲ್ಲೇ, ಅವರು ಅಡಿಕೆ ದರ ನೋಡೋದೂ ಅಲ್ಲೇ.

ಅದು ಜೂನ್ ತಿಂಗಳು. ಅಪ್ಪಯ್ಯ ಆರು ಕ್ವಿಂಟಾಲ್ ರಾಶಿ ಇಡಿ ಕೊಡದೆ ಇಟ್ಟುಕೊಂಡಿದ್ದರು, ದರ ಸ್ವಲ್ಪ ಏರಲಿ ಅಂತ. ಬೆಳಿಗ್ಗೆ ಒಂಬತ್ತೂ ನಲವತ್ತರ ಹೊತ್ತಿಗೆ ತಿಂಡಿ ಮುಗಿಸಿ ಫೋನಲ್ಲಿ ದರ ನೋಡಿದರು. ಮತ್ತೆ ಊಟ ಆದ ಮೇಲೆ ಎರಡೂ ಕಾಲಿಗೆ ನೋಡಿದರು. ಅದೇ ದರ. ಇವತ್ತು ಏನೂ ಏರಲಿಲ್ಲ, ಇನ್ನು ಕಾದು ಪ್ರಯೋಜನ ಇಲ್ಲ ಅಂದುಕೊಂಡು ಪರಿಚಯದ ಮಂಡಿಯವರಿಗೆ ಫೋನ್ ಮಾಡಿ ಮಾತು ಮುಗಿಸಿದರು. ಸಂಜೆ ಪಕ್ಕದ ತೋಟದವರು ಕಾಫಿಗೆ ಬಂದಾಗ ಗೊತ್ತಾಯಿತು, ಮಧ್ಯಾಹ್ನ ಟೆಂಡರ್ ಆದ ಮೇಲೆ ಕ್ವಿಂಟಾಲಿಗೆ ಸಾವಿರದ ನೂರು ಏರಿದೆ, ಅದೇ ಸೈಟಿನಲ್ಲಿ ಒಂದೂವರೆಗೇ ಹಾಕಿದ್ದಾರೆ ಅಂತ.

ನಾನು ಲ್ಯಾಪ್‌ಟಾಪ್ ತೆಗೆದು ನೋಡಿದೆ. ಹೊಸ ದರ ಇತ್ತು. ಅಪ್ಪಯ್ಯ ಮಧ್ಯಾಹ್ನ ನೋಡಿ ಹಾಗೇ ಇಟ್ಟಿದ್ದ ಪುಟ ಫೋನಲ್ಲಿ ಇನ್ನೂ ತೆರೆದೇ ಇತ್ತು, ಅದರಲ್ಲಿ ಹಳೇ ದರ.

"ಎಂತ ಮಾರಾಯ ಇದು? ನಿನ್ನ ಲ್ಯಾಪ್‌ಟಾಪಿಗೆ ಒಂದು ದರ, ನನ್ನ ಫೋನಿಗೆ ಒಂದು ದರವಾ?" ಅಂದರು.

ಆರು ಸಾವಿರದ ಆರುನೂರು ರೂಪಾಯಿ. ಬೆಂಗಳೂರಲ್ಲಿ ಐಟಿ ಸಂಬಳ ತಗೊಳ್ಳೋ ನನಗೆ ಇದು ದೊಡ್ಡ ಮೊತ್ತ ಅಲ್ಲದಿರಬಹುದು. ಆದರೆ ಅಡಿಕೆ ಸುಲಿದು ಬೇಯಿಸಿ ಒಣಗಿಸಿ ಆರು ತಿಂಗಳು ಕಾದವರಿಗೆ ಅದು ಕಾದಿದ್ದರ ಕೂಲಿ. ಸೈಟಿನವರಿಗೆ ಒಂದು ಮೇಲ್ ಬರೆದೆ. ಎರಡು ದಿನ ಬಿಟ್ಟು ಉತ್ತರ ಬಂತು: ನಮ್ಮ ಕಡೆ ಸರಿಯಾಗಿ ಕಾಣುತ್ತಿದೆ, ಕ್ಯಾಶ್ ಕ್ಲಿಯರ್ ಮಾಡಿ ನೋಡಿ ಸಾರ್. ಅಪ್ಪಯ್ಯನಿಗೆ ಓದಿ ಹೇಳಿದೆ. "ಕ್ಯಾಶ್ ಕ್ಲಿಯರ್ ಆಗೇ ಹೋಯ್ತಲ್ಲ, ಇನ್ನೆಂತ ಮಾಡೋದು?" ಅಂದರು. ಆ ಸೈಟಿನ ಹೆಸರು ಇಲ್ಲಿ ಬರೆಯಲ್ಲ, ಯಾಕೆಂದರೆ ನಾನು ದೂರಬೇಕಾಗಿರೋದು ಒಂದು ಸೈಟನ್ನಲ್ಲ, ನಾವು ಸಾಫ್ಟ್‌ವೇರ್‌ನವರು ಒಟ್ಟಾಗಿ ಬೆಳೆಸಿಕೊಂಡಿರೋ ಒಂದು ಅಭ್ಯಾಸವನ್ನ.

ಮೊದಲು ಏನಾಗಿತ್ತು ಅಂತ ಹೇಳ್ತೀನಿ. ನೀವು ಒಂದು ಪುಟ ಕೇಳಿದಾಗ ಸರ್ವರ್ ಪುಟದ ಜೊತೆ ಒಂದಷ್ಟು ಸಾಲುಗಳನ್ನ ಕಳಿಸುತ್ತೆ. ಅವಕ್ಕೆ ಹೆಡರ್ ಅಂತ ಹೆಸರು. ಪರದೆ ಮೇಲೆ ಕಾಣಲ್ಲ. ಬ್ರೌಸರಿನ ಡೆವಲಪರ್ ಟೂಲ್ಸ್ ತೆಗೆದು ನೆಟ್‌ವರ್ಕ್ ಅನ್ನೋ ಕಡೆ ನೋಡಿದರೆ ಸಿಗುತ್ತೆ. ಅದರಲ್ಲಿ ಡೇಟ್ ಅಂತ ಒಂದು ಸಾಲು: ನಾನು ಈ ಉತ್ತರ ಕೊಟ್ಟ ಸಮಯ ಇದು. ಎಕ್ಸ್‌ಪೈರ್ಸ್ ಅಂತ ಇನ್ನೊಂದು: ಈ ಪುಟ ಇಷ್ಟು ಹೊತ್ತಿನವರೆಗೆ ತಾಜಾ, ಅಲ್ಲಿವರೆಗೆ ಮತ್ತೆ ನನ್ನನ್ನ ಕೇಳಬೇಡ, ನಿನ್ನ ಹತ್ತಿರ ಇರೋದನ್ನೇ ತೋರಿಸು. ಲಾಸ್ಟ್-ಮಾಡಿಫೈಡ್ ಅಂತ ಮತ್ತೊಂದು: ಇದನ್ನ ಕಡೇ ಸಲ ಬದಲಾಯಿಸಿದ್ದು ಇಂಥ ಹೊತ್ತು. ಹಾಲಿನ ಪ್ಯಾಕೆಟ್ ಮೇಲಿನ ತಾರೀಕು ಇದ್ದ ಹಾಗೆ. ವ್ಯತ್ಯಾಸ ಅಂದ್ರೆ ಹಾಲು ಒಡೆದಿದ್ದು ಮೂಗಿಗೆ ಗೊತ್ತಾಗುತ್ತೆ, ದರ ಹಳಸಿದ್ದು ಗೊತ್ತಾಗಲ್ಲ.

ಆ ಸೈಟಿನ ಹೆಡರ್ ತೆಗೆದು ನೋಡಿದೆ. ಲೆಕ್ಕ ಅಪ್ಪಯ್ಯನ ಬೆಳಗಿನ ಹೊತ್ತಿಗೇ ಹಾಕ್ತೀನಿ. ಒಂಬತ್ತೂ ನಲವತ್ತು ಅಂದ್ರೆ ಗ್ರೀನಿಚ್‌ನಲ್ಲಿ ನಾಲ್ಕೂ ಹತ್ತು. ಡೇಟ್ ಸಾಲು ಸರಿಯಾಗೇ 04:10 ಜಿಎಂಟಿ ಅಂತ ಬರ್ತಿತ್ತು, ಅದನ್ನ ವೆಬ್ ಸರ್ವರೇ ಹಾಕುತ್ತೆ. ಎಕ್ಸ್‌ಪೈರ್ಸ್ ಹಾಕಿದ್ದು ಡೆವಲಪರ್ ಬರೆದ ಕೋಡು. ಅವನ ಉದ್ದೇಶ ಅರ್ಧ ಗಂಟೆ. ಒಳ್ಳೇ ಉದ್ದೇಶವೇ, ದರ ದಿನಕ್ಕೆ ಒಂದೆರಡು ಸಲ ಬದಲಾಗುತ್ತೆ, ಸರ್ವರಿಗೂ ಭಾರ ಕಮ್ಮಿ. ಆದರೆ ಅವನು ಸರ್ವರಿನ ಗಡಿಯಾರ ನೋಡಿ, ನಮ್ಮ ಭಾರತದ ಸಮಯಕ್ಕೆ ಅರ್ಧ ಗಂಟೆ ಸೇರಿಸಿ, 10:10 ಅಂತ ಬರೆದು, ಬಾಲಕ್ಕೆ ಜಿಎಂಟಿ ಅಂಟಿಸಿದ್ದ. ಬ್ರೌಸರ್ ಪಾಪ ನಂಬಿತು. 10:10 ಜಿಎಂಟಿ ಅಂದ್ರೆ ನಮ್ಮ ಮಧ್ಯಾಹ್ನ ಮೂರೂ ನಲವತ್ತು. ಅರ್ಧ ಗಂಟೆಯ ಪುಟ ಆರು ಗಂಟೆ ತಾಜಾ ಅನ್ನಿಸಿಕೊಂಡಿತು. ಎರಡೂ ಕಾಲಿಗೆ ಅಪ್ಪಯ್ಯ ಹೋಮ್ ಸ್ಕ್ರೀನಿನ ಐಕಾನ್ ಒತ್ತಿದಾಗ ಫೋನು ಸರ್ವರನ್ನ ಕೇಳಲೇ ಇಲ್ಲ. ಕೇಳಬೇಡ ಅಂತ ಸರ್ವರೇ ಹೇಳಿತ್ತಲ್ಲ.

ಇದು ಅಪರೂಪದ ತಪ್ಪು ಅಂದುಕೊಳ್ಳಬೇಡಿ. ಪಿಎಚ್‌ಪಿಯಲ್ಲಿ ಜಿಎಂಡೇಟ್ ಅಂತ ಬರೆಯೋ ಕಡೆ ಬರೀ ಡೇಟ್ ಅಂತ ಬರೆದು, ಕೊನೆಗೆ ಕೈಯಾರೆ ಜಿಎಂಟಿ ಅನ್ನೋ ಮೂರಕ್ಷರ ಸೇರಿಸಿದರೆ ಮುಗೀತು. ಡಾಟ್‌ನೆಟ್‌ನಲ್ಲಿ ಇನ್ನೂ ಸುಲಭ: ಡೇಟ್‌ಟೈಮ್ ನೌ ತಗೊಂಡು 'ಆರ್' ಅನ್ನೋ ಫಾರ್ಮ್ಯಾಟ್ ಕೊಟ್ಟರೆ ಅದು ಸಮಯವನ್ನ ಒಂದು ಚೂರೂ ಬದಲಾಯಿಸದೆ ಜಿಎಂಟಿ ಅನ್ನೋ ಹಣೆಪಟ್ಟಿ ಕಟ್ಟಿ ಕೊಡುತ್ತೆ. ಮೊದಲು ನೀವೇ ಯುಟಿಸಿಗೆ ಬದಲಾಯಿಸಿಕೊಳ್ಳಬೇಕು ಅಂತ ಮೈಕ್ರೋಸಾಫ್ಟಿನ ದಾಖಲೆಯಲ್ಲೇ ಬರೆದಿದೆ. ಬರೆದಿದ್ದನ್ನ ಓದೋರು ಯಾರು?

ಇದರಲ್ಲಿ ನನಗೆ ನಿಜಕ್ಕೂ ಸಿಟ್ಟು ಬರಿಸಿದ ವಿಷಯ ಬೇರೆ ಇದೆ. ಇದೇ ಕೋಡನ್ನ ಕ್ಯಾಲಿಫೋರ್ನಿಯಾದಲ್ಲಿ ಕೂತವನು ಬರೆದಿದ್ದರೆ ಏನಾಗ್ತಿತ್ತು? ಅಲ್ಲಿನ ಗಡಿಯಾರ ಗ್ರೀನಿಚ್‌ಗಿಂತ ಹಿಂದೆ. ಅಲ್ಲಿಯ ಸಮಯಕ್ಕೆ ಜಿಎಂಟಿ ಅಂಟಿಸಿದರೆ ಎಕ್ಸ್‌ಪೈರ್ಸ್ ಸಾಲು ಡೇಟ್ ಸಾಲಿಗಿಂತ ಹಿಂದಿನದಾಗುತ್ತೆ. ಅಂದ್ರೆ ಪುಟ ಹುಟ್ಟೋ ಮೊದಲೇ ಹಳಸಿದ ಲೆಕ್ಕ. ಬ್ರೌಸರ್ ಪ್ರತಿಸಲ ಸರ್ವರನ್ನ ಕೇಳುತ್ತೆ. ಸ್ವಲ್ಪ ನಿಧಾನ, ಅಷ್ಟೇ, ಕಾಣೋ ದರ ಮಾತ್ರ ಸರಿಯಾಗೇ ಇರುತ್ತೆ. ಅಲ್ಲಿ ಒಳ್ಳೇ ನೆಟ್ಟು ಇರೋರಿಗೆ ಅದು ಗೊತ್ತೂ ಆಗಲ್ಲ. ಒಂದೇ ತಪ್ಪು ಗ್ರೀನಿಚ್‌ನ ಪಶ್ಚಿಮಕ್ಕೆ ಸೋಮಾರಿ, ಪೂರ್ವಕ್ಕೆ ಸುಳ್ಳುಗಾರ. ನಾವು ಇಂಟರ್‌ನೆಟ್ಟಿಂದ ಎತ್ತಿ ಪೇಸ್ಟ್ ಮಾಡೋ ಉದಾಹರಣೆ ಕೋಡು ಎಷ್ಟೋ ಸಲ ಅಲ್ಲಿ ಬರೆದಿದ್ದು. ಅಲ್ಲಿ ನಡೆದುಹೋಗುವ ತಪ್ಪು ಇಲ್ಲಿ ಆರು ಗಂಟೆ ಹಳೇ ದರ ತೋರಿಸುತ್ತೆ. ನೋಡಿ, ಇನ್ನೂ ಒಂದು ಇದೆ. ಈಗ ಕ್ಲೌಡ್ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲೇ ಓಡುತ್ತವೆ. ಅಲ್ಲಿ ಟೆಸ್ಟ್ ಮಾಡಿದರೆ ತಪ್ಪು ತಪ್ಪೇ ಅಲ್ಲ, ಎಲ್ಲಾ ಸರಿಯಾಗಿ ಬರುತ್ತೆ. ಅದೇ ಕೋಡನ್ನ ಭಾರತದ ಸಮಯಕ್ಕೆ ಹೊಂದಿಸಿಟ್ಟ ಯಾವುದೋ ಆಫೀಸಿನ ಹಳೇ ಸರ್ವರಿಗೆ ಹಾಕಿದ ದಿನ ಐದೂವರೆ ಗಂಟೆ ಸದ್ದಿಲ್ಲದೆ ಒಳಗೆ ಬಂದು ಕೂರುತ್ತೆ.

ಡೆವಲಪರ್ ಕಣ್ಣಿಗೆ ಇದು ಯಾಕೆ ಬೀಳಲ್ಲ ಅನ್ನೋದೂ ಸೋಜಿಗವೇನಲ್ಲ. ಅವನ ಬೆರಳು ಯಾವಾಗಲೂ ರಿಲೋಡ್ ಮೇಲೆ ಇರುತ್ತೆ. ಅವನ ಡೆವಲಪರ್ ಟೂಲ್ಸಿನಲ್ಲಿ ಡಿಸೇಬಲ್ ಕ್ಯಾಶ್ ಅನ್ನೋ ಚೌಕಕ್ಕೆ ವರ್ಷಗಟ್ಟಲೆಯಿಂದ ಟಿಕ್ ಬಿದ್ದಿರುತ್ತೆ. ಅಂದ್ರೆ ಅವನು ತನ್ನ ಸೈಟನ್ನ ಓದುಗ ನೋಡೋ ಹಾಗೆ ಒಂದು ದಿನವೂ ನೋಡಿಲ್ಲ. 'ನಮ್ಮ ಕಡೆ ಸರಿಯಾಗಿ ಕಾಣ್ತಿದೆ' ಅನ್ನೋದು ನಿಜ. ನಿಮ್ಮ ಕಡೆ ಮಾತ್ರ ಕಾಣುತ್ತೆ ಸ್ವಾಮಿ.

ಈಗ ನನ್ನ ಹುಳುಕು. ಎಂಟು ವರ್ಷದ ಹಿಂದೆ ನಾನು ಬೆಂಗಳೂರಲ್ಲಿ ಒಂದು ಸಣ್ಣ ಕಂಪನಿಯಲ್ಲಿದ್ದಾಗ ಕನ್ನಡದ ಒಂದು ಸೈಟು ಮಾಡಿದ್ವಿ. ಪುಟದ ತಲೆಯಲ್ಲಿ ತಾರೀಕು ಕನ್ನಡದಲ್ಲೇ ಬರಬೇಕು ಅಂತ ನನಗೆ ಹಟ. ಲೊಕೇಲನ್ನ ಕನ್ನಡಕ್ಕೆ ಬದಲಾಯಿಸಿದೆ. ವಾರದ ಹೆಸರು, ತಿಂಗಳ ಹೆಸರು ಎಲ್ಲ ಕನ್ನಡದಲ್ಲಿ ಬಂತು. ಟೀಮಿನವರು ಚಪ್ಪಾಳೆ ಹೊಡೆದರು, ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಫೋಟೋಗಳನ್ನೂ ನಮ್ಮದೇ ಸ್ಕ್ರಿಪ್ಟು ಕೊಡ್ತಿತ್ತು, ಅದರಲ್ಲಿ ಹೆಡರಿನ ತಾರೀಕನ್ನ ಎಸ್‌ಟಿಆರ್‌ಎಫ್‌ಟೈಮ್ ಕುಟುಂಬದ ಫಂಕ್ಷನ್ನಿನಿಂದ ಮಾಡ್ತಿದ್ವಿ. ಆ ಫಂಕ್ಷನ್ ಲೊಕೇಲ್ ನೋಡುತ್ತೆ. ಜಿಎಂಡೇಟ್ ನೋಡಲ್ಲ, ಅದು ಯಾವಾಗಲೂ ಇಂಗ್ಲಿಷೇ. ಹೀಗಾಗಿ ಹೆಡರಿನೊಳಗೆ ವಾರದ ಹೆಸರು ಕನ್ನಡದಲ್ಲಿ ಹೋಗ್ತಿತ್ತು. ಬ್ರೌಸರಿಗೆ ಅದು ತಾರೀಕೇ ಅಲ್ಲ, ಗೀಚು.

ಪರಿಣಾಮ ಅಪ್ಪಯ್ಯನ ಕತೆಗೆ ತದ್ವಿರುದ್ಧ. ಎಕ್ಸ್‌ಪೈರ್ಸ್ ಸಾಲು ಅರ್ಥವಾಗದಿದ್ದರೆ ಅದು ಆಗಲೇ ಮುಗಿದ ಲೆಕ್ಕ ಅಂತ ತಿಳಿಯಬೇಕು, ನಿಯಮ ಹಾಗಿದೆ. ಲಾಸ್ಟ್-ಮಾಡಿಫೈಡ್ ಕೆಟ್ಟಿದ್ದರೆ ಬ್ರೌಸರ್ 'ಇದಾದ ಮೇಲೆ ಬದಲಾಗಿದೆಯಾ?' ಅಂತ ಕೇಳೋ ಇಫ್-ಮಾಡಿಫೈಡ್-ಸಿನ್ಸ್ ಅನ್ನೋ ಸಾಲಿಗೂ ಬೆಲೆ ಇಲ್ಲ. ತಾರೀಕು ಸರಿ ಇದ್ದಿದ್ದರೆ ಸರ್ವರ್ 304 ಅಂತ ಒಂದು ಸಂಖ್ಯೆ ಹೇಳಿ ಸುಮ್ಮನಾಗ್ತಿತ್ತು: ಏನೂ ಬದಲಾಗಿಲ್ಲ, ನಿನ್ನ ಹತ್ತಿರ ಇರೋದನ್ನೇ ಬಳಸು. ಕೆಲವೇ ಬೈಟು. ಕೆಟ್ಟಿದ್ದರಿಂದ ಪ್ರತಿ ಸಲ ಪೂರ್ತಿ ಫೋಟೋ. ಊರು ಕಡೆಯ ಓದುಗರು ಸೈಟು ಬಹಳ ನಿಧಾನ ಅಂತ ಬರೀತಿದ್ದರು. ಅವರಿಗೆ ನಾನು ಕೊಟ್ಟ ಉತ್ತರ ಏನು ಗೊತ್ತಾ? ನಿಮ್ಮ ಕಡೆ ನೆಟ್‌ವರ್ಕ್ ಸರಿ ಇಲ್ಲ ಅನಿಸುತ್ತೆ, ಕ್ಯಾಶ್ ಕ್ಲಿಯರ್ ಮಾಡಿ ನೋಡಿ. ಕ್ಯಾಶೇ ಆಗದಿದ್ದ ಸೈಟಿಗೆ ಕ್ಯಾಶ್ ಕ್ಲಿಯರ್ ಮಾಡಿಸಿದ ಮಹಾನುಭಾವ ನಾನು. ಒಂದು ದಿನ ಕಮ್ಮರಡಿಯಲ್ಲಿ ಜಗಲಿಯ ಅದೇ ಮೂಲೆಯಲ್ಲಿ ಕೂತು ನಮ್ಮ ಸೈಟನ್ನ ನಾನೇ ತೆಗೆದಾಗ ತಪ್ಪು ಕಂಡಿದ್ದು. ಬೆಂಗಳೂರಿನ ಆಫೀಸಿನ ಫೈಬರಿನಲ್ಲಿ ಎಂದೂ ಕಂಡಿರಲಿಲ್ಲ.

ಕನ್ನಡಾಭಿಮಾನದ ಪ್ರಶ್ನೆ ಇಲ್ಲಿ ಬರಲೇಬಾರದು ಅಂತ ಈಗ ಹೇಳ್ತೀನಿ. ಪುಟದ ಮೇಲೆ ತಾರೀಕು ಕನ್ನಡದಲ್ಲೇ ಇರಬೇಕು, ಅದಕ್ಕೆ ಇಂದಿಗೂ ಜಗಳ ಮಾಡ್ತೀನಿ. ಹೆಡರ್ ಓದೋದು ಮನುಷ್ಯರಲ್ಲ.

ಆದರೆ ಮನುಷ್ಯರು ಓದದ ಕಡೆ ವಾರದ ಹೆಸರು ಯಾಕೆ ಬೇಕು ಅಂತ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಇಲ್ಲಿ ನಿಯಮ ಮಾಡಿದವರ ಮೇಲೂ ನನಗೊಂದು ತಕರಾರಿದೆ. ಹೆಡರಿನ ತಾರೀಕು ಹೀಗಿರಬೇಕು: ಸನ್, 06 ನವ್ 1994 08:49:37 ಜಿಎಂಟಿ. ಇದನ್ನ ನಾನು ಕನ್ನಡ ಅಕ್ಷರದಲ್ಲಿ ಬರೆದೆ, ಅಸಲಿನಲ್ಲಿ ಇಂಗ್ಲಿಷ್ ಅಕ್ಷರ, ಒಟ್ಟು 29. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ತಾರೀಕು ಆರಾದರೆ ಸೊನ್ನೆ ಆರು ಅಂತಲೇ ಬರೀಬೇಕು. ದೊಡ್ಡಕ್ಷರ ಚಿಕ್ಕಕ್ಷರವೂ ಅಲುಗಬಾರದು. 1996ರ ಎಚ್‌ಟಿಟಿಪಿ ದಾಖಲೆಯಲ್ಲಿ ಕೊಟ್ಟ ಆ ಉದಾಹರಣೆಯ ಭಾನುವಾರ 2022ರ ಆರ್‌ಎಫ್‌ಸಿ 9110ರವರೆಗೂ ಹಾಗೇ ನಡೆದುಕೊಂಡು ಬಂದಿದೆ. ನಮ್ಮ ಕಡೆ ಎಷ್ಟೋ ದೇವಸ್ಥಾನದ ಉತ್ಸವಕ್ಕೂ ಇಷ್ಟು ತಪ್ಪದ ಪಾಲನೆ ಇಲ್ಲ.

ಈ ರೂಪ ಬಂದಿದ್ದು ಈಮೇಲಿನಿಂದ. 1982ರ ಈಮೇಲ್ ನಿಯಮದಲ್ಲಿ ವರ್ಷಕ್ಕೆ ಎರಡೇ ಅಂಕಿ, 1989ರಲ್ಲಿ ಅದನ್ನ ನಾಲ್ಕಕ್ಕೆ ತಿದ್ದಿದರು. ಇದಲ್ಲದೆ ಯೂಸ್‌ನೆಟ್ ಕಾಲದ ಒಂದು ರೂಪ, ವಾರದ ಪೂರ್ತಿ ಹೆಸರು, ನಡುವೆ ಅಡ್ಡಗೆರೆ, ವರ್ಷಕ್ಕೆ ಎರಡಂಕಿ. ಸಿ ಭಾಷೆಯ ಎಎಸ್‌ಸಿಟೈಮ್ ಕೊಡೋ ಮೂರನೆಯದು, ಅದರಲ್ಲಿ ವರ್ಷ ಕೊನೆಗೆ. ಕಳಿಸೋರು ಮೊದಲನೆಯದನ್ನೇ ಕಳಿಸಬೇಕು, ಆದರೆ ಪಡೆಯೋರು ಮೂರನ್ನೂ ಅರ್ಥ ಮಾಡಿಕೊಳ್ಳಬೇಕು. ನಮ್ಮ ಬೆಂಗಳೂರಿನ ಮಂತ್ರ ಇದೇ ಅಲ್ಲವಾ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಕಳಿಸುವಾಗ ಕಟ್ಟುನಿಟ್ಟಾಗಿರು, ಪಡೆಯುವಾಗ ಉದಾರವಾಗಿರು ಅನ್ನೋ ಈ ತತ್ವವನ್ನ 1980ರಲ್ಲಿ ಜಾನ್ ಪೋಸ್ಟಲ್ ಬರೆದಿಟ್ಟರು. ಇಂಟರ್‌ನೆಟ್ ಬೆಳೆದಿದ್ದಕ್ಕೆ ಇದೇ ಕಾರಣ ಅಂತ ಹೊಗಳೋದನ್ನ ಕಾಲೇಜಿನಿಂದ ಕೇಳ್ತಾ ಬಂದಿದ್ದೀನಿ. ಇರಬಹುದು. ಆದರೆ ಬ್ರೌಸರ್ ಸಹಿಸಿಕೊಳ್ಳುತ್ತೆ ಅಂತ ಗೊತ್ತಾದ ಮೇಲೆ ಸರಿಯಾಗಿ ಕಳಿಸೋರು ಯಾರು? 2023ರಲ್ಲಿ ಬಂದ ಆರ್‌ಎಫ್‌ಸಿ 9413 ಇದನ್ನೇ ಹೇಳುತ್ತೆ: ತಪ್ಪನ್ನ ಸಹಿಸುತ್ತಾ ಹೋದರೆ ಆ ತಪ್ಪೇ ಗಟ್ಟಿಯಾಗಿ, ಕೊನೆಗೆ ಹೊಸಬರೂ ಅದನ್ನ ನಿಭಾಯಿಸಲೇಬೇಕಾದ ಸ್ಥಿತಿ ಬರುತ್ತೆ ಅಂತ. ನಲವತ್ತಮೂರು ವರ್ಷ ಬೇಕಾಯಿತು ಹೇಳೋದಕ್ಕೆ.

ಸಹಿಸಿಕೊಂಡು ಸಹಿಸಿಕೊಂಡು ಎಲ್ಲಿಗೆ ಬಂದಿದ್ದೀವಿ ಅಂದ್ರೆ, ಎಕ್ಸ್‌ಪೈರ್ಸ್ ಸಾಲಿಗೆ ತಾರೀಕಿನ ಬದಲು ಬರೀ ಸೊನ್ನೆ ಹಾಕೋದು ಈಗ ಸಂಪ್ರದಾಯ. ಸೊನ್ನೆ ತಾರೀಕಲ್ಲ. ತಾರೀಕಲ್ಲದ್ದನ್ನ ಹಳಸಿದ್ದು ಅಂತ ತಿಳಿಯಬೇಕು ಅನ್ನೋ ನಿಯಮವನ್ನೇ ಹಿಡಿದು, ಬೇಕಂತಲೇ ತಪ್ಪು ಬರೆದು, ಕ್ಯಾಶ್ ಮಾಡಬೇಡ ಅನ್ನೋ ಸರಿ ಕೆಲಸ ಮಾಡಿಸಿಕೊಳ್ಳೋದು. ನಿಯಮ ಬರೆಯೋರೂ ಸೋತು ಸೊನ್ನೆಯ ಹೆಸರನ್ನ ವಿಶೇಷವಾಗಿ ದಾಖಲೆಯಲ್ಲಿ ಸೇರಿಸಿಬಿಟ್ಟರು. ಇನ್ನು ಕೆಲವರು ಜಿಎಂಟಿ ಬದಲು ಐಎಸ್‌ಟಿ ಅಂತ ಬರೀತಾರೆ, ಪ್ರಾಮಾಣಿಕರು ಪಾಪ. ಐಎಸ್‌ಟಿ ಅಂದ್ರೆ ಭಾರತವೂ ಹೌದು, ಇಸ್ರೇಲೂ ಹೌದು, ಐರ್ಲೆಂಡೂ ಹೌದು. ಯಾರ ಮನೆ ಗಡಿಯಾರ ಅಂತ ಬ್ರೌಸರ್ ನಂಬಬೇಕು?

ವಾರದ ಹೆಸರಿನ ವಿಷಯಕ್ಕೆ ಬರೋಣ, ಅದರಲ್ಲಿ ಒಂದು ಕತೆ ಇದೆ. ನಮ್ಮೂರಿನ ಲಗ್ನಪತ್ರಿಕೆ ನೋಡಿ. ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಆಮೇಲೆ ಇಂಗ್ಲಿಷ್ ತಾರೀಕು. ಒಂದೇ ದಿನವನ್ನ ಇಷ್ಟು ಸಲ ಹೇಳೋದು ಬರೀ ಶಾಸ್ತ್ರಕ್ಕಲ್ಲ. ಪ್ರೆಸ್ಸಿನವನು ಒಂದಂಕಿ ತಪ್ಪು ಹೊಡೆದರೂ ಉಳಿದದ್ದು ಕೂಗಿ ಹೇಳುತ್ತೆ. ತಾರೀಕಿಗೂ ವಾರಕ್ಕೂ ತಾಳೆ ಇಲ್ಲದ ಪತ್ರಿಕೆ ಹಂಚಿ ನೋಡಿ, ಸಂಜೆಯೊಳಗೆ ಹತ್ತು ಫೋನ್ ಬರುತ್ತೆ. ಹೆಡರಿನಲ್ಲಿ ವಾರ ಇಟ್ಟಿದ್ದೂ ಹೀಗೆ ಉಪಯೋಗಕ್ಕೆ ಬರಬಹುದಿತ್ತು. ಆದರೆ ಬಹಳಷ್ಟು ಪ್ರೋಗ್ರಾಮುಗಳು ಅದನ್ನ ಓದಿ ಪಕ್ಕಕ್ಕಿಡುತ್ತವೆ, ತಾಳೆ ನೋಡಲ್ಲ.

29 ಡಿಸೆಂಬರ್ 2014, ಸೋಮವಾರ. ನಮ್ಮ ಬೆಳಗಿನ ಐದೂವರೆ, ಗ್ರೀನಿಚ್‌ನಲ್ಲಿ ಮಧ್ಯರಾತ್ರಿ. ಟ್ವಿಟರಿನ ಆಂಡ್ರಾಯ್ಡ್ ಆಪ್ ಬಳಸ್ತಿದ್ದ ಬಹಳ ಜನ ಇದ್ದಕ್ಕಿದ್ದಂತೆ ಲಾಗೌಟ್ ಆದರು, ಮತ್ತೆ ಒಳಗೆ ಹೋಗೋಕ್ಕಾಗಲಿಲ್ಲ. ಟ್ವೀಟ್‌ಡೆಕ್‌ನಲ್ಲೂ ಗೊಂದಲ, ಆಗಷ್ಟೇ ಬಂದ ಟ್ವೀಟುಗಳು ಒಂದು ವರ್ಷ ಹಳೆಯವು ಅಂತ ತೋರಿಸ್ತಿದ್ದವು. ಕುತೂಹಲಿಗಳು ಸರ್ವರಿನ ಹೆಡರ್ ತೆಗೆದು ನೋಡಿದರು. ಡೇಟ್ ಸಾಲಿನಲ್ಲಿ ಇತ್ತು: ಸೋಮವಾರ, 29 ಡಿಸೆಂಬರ್ 2015. ಒಂದು ವರ್ಷ ಮುಂದೆ. 2015ರ ಡಿಸೆಂಬರ್ 29 ಮಂಗಳವಾರ. ಕ್ಯಾಲೆಂಡರ್ ಇರೋ ಯಾವ ಮನೆಯವರಿಗಾದರೂ ತೋರಿಸಿದ್ದರೆ ಇದು ಹೊಂದಲ್ಲ ಅಂತ ಹೇಳ್ತಿದ್ದರು. ಸತ್ಯ ಅದೇ ಸಾಲಿನ ಮೊದಲ ಮೂರಕ್ಷರದಲ್ಲಿ ಕೂತಿತ್ತು, ಕೇಳೋರಿರಲಿಲ್ಲ.

ಆ ತಪ್ಪಿಗೆ ಹೊರಗಿನ ಡೆವಲಪರ್‌ಗಳು ಗುರುತಿಸಿದ ಕಾರಣ ವಾರದ ಲೆಕ್ಕದ ವರ್ಷ. ತೋಟದ ಬಟವಾಡೆ ಗೊತ್ತಿರೋರಿಗೆ ಇದು ಬೇಗ ತಲೆಗೆ ಹೋಗುತ್ತೆ. ಆಳುಗಳ ಲೆಕ್ಕ ವಾರಕ್ಕೊಂದು ಸಲ. ಡಿಸೆಂಬರ್ ಕೊನೇ ಸೋಮವಾರ ಶುರುವಾದ ವಾರ ಜನವರಿಯಲ್ಲಿ ಮುಗಿದರೆ, ಆ ವಾರವನ್ನ ಹಳೇ ಪುಸ್ತಕಕ್ಕೆ ಬರೀಬೇಕಾ, ಹೊಸದಕ್ಕಾ? ಐಎಸ್‌ಒ ಪದ್ಧತಿಯಲ್ಲಿ ಇದಕ್ಕೊಂದು ಉತ್ತರ ಇದೆ: ಆ ವಾರದ ಗುರುವಾರ ಯಾವ ವರ್ಷದಲ್ಲಿ ಬೀಳುತ್ತೋ ಇಡೀ ವಾರ ಆ ವರ್ಷದ್ದು. 2015ರ ಜನವರಿ 1 ಗುರುವಾರ. ಹಾಗಾಗಿ 2014ರ ಡಿಸೆಂಬರ್ 29, ವಾರದ ಲೆಕ್ಕದಲ್ಲಿ 2015ರ ಮೊದಲ ವಾರದ ಸೋಮವಾರ. ಲೆಕ್ಕದ ಪುಸ್ತಕಕ್ಕೆ ಸರಿ. ಆದರೆ ಈ ವರ್ಷವನ್ನ ಮಾಮೂಲಿ ತಿಂಗಳು ತಾರೀಕಿನ ಪಕ್ಕ ಹಾಕಿದರೆ ಅದು ಯಾವ ಕ್ಯಾಲೆಂಡರಿನಲ್ಲೂ ಇಲ್ಲದ ದಿನ. ಫಾರ್ಮ್ಯಾಟ್ ಬರೆಯುವಾಗ ಎರಡಕ್ಕೂ ಇರೋ ವ್ಯತ್ಯಾಸ ಒಂದಕ್ಷರ. ಜಾವಾದಲ್ಲಂತೂ ಚಿಕ್ಕ ವೈ, ದೊಡ್ಡ ವೈ ಅಷ್ಟೇ. ವರ್ಷದ ಉಳಿದೆಲ್ಲಾ ದಿನ ಎರಡೂ ಒಂದೇ ಉತ್ತರ ಕೊಡ್ತಾವೆ. ಮಾರ್ಚಿನಲ್ಲಿ ಟೆಸ್ಟ್ ಮಾಡಿದವನಿಗೆ ಏನು ಗೊತ್ತಾಗಬೇಕು? ನಿಮ್ಮ ಕಂಪನಿಯ ಕೋಡಿನಲ್ಲೂ ಒಂದು ದೊಡ್ಡ ವೈ ಎಲ್ಲೋ ಮಲಗಿರಬಹುದು. ಈ ಪುಸ್ತಕ ಮಡಚಿಟ್ಟು ಒಮ್ಮೆ ಹುಡುಕಿ ನೋಡಿ, ನಾನು ಕಾಯ್ತೀನಿ.

ಟ್ವಿಟರಿನ ತಪ್ಪು ಕೆಲವೇ ಗಂಟೆಯಲ್ಲಿ ಸರಿಯಾಯಿತು, ಸುದ್ದಿಯೂ ಆಯಿತು. ಅಡಿಕೆ ದರದ ಸೈಟಿಗೆ ಆ ಭಾಗ್ಯ ಇಲ್ಲ. ಅಲ್ಲಿ ಎಲ್ಲರೂ ಒಟ್ಟಿಗೆ ಲಾಗೌಟ್ ಆಗಲ್ಲ. ಒಬ್ಬರು ಬೆಳಿಗ್ಗೆ ಎಂಟಕ್ಕೆ ನೋಡಿರುತ್ತಾರೆ, ಒಬ್ಬರು ಹತ್ತಕ್ಕೆ, ಒಬ್ಬರು ಮಧ್ಯಾಹ್ನವೇ ಮೊದಲ ಸಲ. ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ಹೊತ್ತಿನ ದರ. ಕಡಿಮೆಗೆ ಮಾರಿದವರು ತಮ್ಮ ಗ್ರಹಚಾರ ಅಂದುಕೊಳ್ತಾರೆ, ಹೆಚ್ಚು ಹೊತ್ತು ಕಾದವರು ತಮ್ಮ ಜಾಣತನ ಅಂದುಕೊಳ್ತಾರೆ. ದೂರು ಕೊಡೋಕೆ ಅವರಿಗೆ ತಪ್ಪಿನ ಆಕಾರವೇ ಕಾಣಲ್ಲ.

ಮದ್ದು ಇಲ್ಲ ಅಂತಲ್ಲ. 1997ರ ಎಚ್‌ಟಿಟಿಪಿ 1.1ರಲ್ಲೇ ಕ್ಯಾಶ್-ಕಂಟ್ರೋಲ್ ಅನ್ನೋ ಸಾಲು ಬಂತು. ಅದರಲ್ಲಿ ಮ್ಯಾಕ್ಸ್-ಏಜ್ 1800 ಅಂತ ಬರೆದರೆ ಸಾವಿರದ ಎಂಟುನೂರು ಸೆಕೆಂಡು, ಅರ್ಧ ಗಂಟೆ. ತಾರೀಕಿಲ್ಲ, ವಾರ ಇಲ್ಲ, ಗ್ರೀನಿಚ್ ಇಲ್ಲ. ಎಕ್ಸ್‌ಪೈರ್ಸ್ ಏನೇ ಹೇಳಲಿ, ಈ ಸಾಲು ಇದ್ದರೆ ಇದರ ಮಾತೇ ನಡೆಯುತ್ತೆ. ಆ ಸೈಟಿನವರು ಈ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. 2024ರ ಆರ್‌ಎಫ್‌ಸಿ 9651ರಲ್ಲಿ ಹೊಸ ಹೆಡರುಗಳಿಗೆ ಅಂತ ತಾರೀಕಿನ ಇನ್ನೊಂದು ರೂಪ ಕೊಟ್ಟಿದ್ದಾರೆ: ಒಂದು ಅಟ್ ಚಿಹ್ನೆ, ಪಕ್ಕದಲ್ಲಿ 1970ರಿಂದ ಎಣಿಸಿದ ಸೆಕೆಂಡುಗಳು. ಓದೋದು ಯಂತ್ರ ಅಂತ ಕೊನೆಗೂ ಒಪ್ಪಿಕೊಂಡರು. ಹಳೇ ಸಾಲುಗಳು ಮಾತ್ರ ಹಾಗೇ ಇವೆ. ಡೇಟ್, ಎಕ್ಸ್‌ಪೈರ್ಸ್, ಲಾಸ್ಟ್-ಮಾಡಿಫೈಡ್ ಇವತ್ತಿಗೂ ಆ 29 ಅಕ್ಷರವನ್ನೇ ಹೊತ್ತು ತಿರುಗುತ್ತಿವೆ.

ಒಬ್ಬ ಗೆಳೆಯ ಇದನ್ನೆಲ್ಲ ಕೇಳಿ, ಇಷ್ಟಕ್ಕೆಲ್ಲ ಲೈಬ್ರರಿ ಇದೆಯಲ್ಲೋ, ಈ ಕಾಲದಲ್ಲಿ ತಾರೀಕನ್ನ ಕೈಯಲ್ಲಿ ಯಾರು ಬರೀತಾರೆ ಅಂದ. ಲೈಬ್ರರಿ ಇದೆ, ನಿಜ. ಆದರೆ ತಾರೀಕು ಎಲ್ಲರಿಗೂ ಗೊತ್ತಿರೋ ವಸ್ತು, ಅದಕ್ಕೇ ತೊಂದರೆ. ಎನ್‌ಕ್ರಿಪ್ಷನ್ ಕೋಡು ನಾನೇ ಬರೀತೀನಿ ಅಂತ ಯಾರೂ ಹೊರಡಲ್ಲ, ಹೆದರ್ತಾರೆ. ತಾರೀಕಿಗೆ ಹೆದರೋರು ಯಾರು? ಒಂದನೇ ಕ್ಲಾಸಿನಿಂದ ಬೋರ್ಡಿನ ಮೂಲೆಯಲ್ಲಿ ಬರೆದು ಬಂದಿದ್ದೀವಿ. ನಾನು ಇಂಟರ್ವ್ಯೂ ತಗೊಳ್ಳುವಾಗ ದೊಡ್ಡ ದೊಡ್ಡ ಅಲ್ಗಾರಿದಮ್ ಕೇಳಿ ಎಷ್ಟೋ ಹುಡುಗರನ್ನ ವಾಪಸ್ ಕಳಿಸಿದ್ದೀನಿ. ಗ್ರೀನಿಚ್‌ನಲ್ಲಿ ಈಗ ಎಷ್ಟು ಗಂಟೆ ಅಂತ ಒಬ್ಬರನ್ನೂ ಕೇಳಿರಲಿಲ್ಲ. ಈಗ ಕೇಳ್ತೀನಿ.

ಸೈಟಿನವರಿಗೆ ಎರಡನೇ ಮೇಲ್ ಬರೆದೆ. ಈ ಸಲ ದೂರಲ್ಲ, ಡೇಟ್ ಸಾಲು ಎಕ್ಸ್‌ಪೈರ್ಸ್ ಸಾಲು ಎರಡನ್ನೂ ಹಾಕಿ, ಆರು ಗಂಟೆಯ ಲೆಕ್ಕ ಬಿಡಿಸಿ, ಯಾವ ಫಂಕ್ಷನ್ ಬದಲಾಯಿಸಬೇಕು ಅಂತಲೂ ಬರೆದೆ. ವಿಷಯವನ್ನ ಸಂಬಂಧಪಟ್ಟ ತಂಡಕ್ಕೆ ಕಳಿಸಿದ್ದೀವಿ ಅಂತ ಉತ್ತರ ಬಂತು. ಅದನ್ನ ಕಳಿಸಿದ ತಾರೀಕು ಮಾತ್ರ ಸರಿಯಾಗಿತ್ತು.

ದಸರಾಕ್ಕೆ ಊರಿಗೆ ಹೋದಾಗ ಮತ್ತೆ ಹೆಡರ್ ತೆಗೆದು ನೋಡಿದೆ. ಎಕ್ಸ್‌ಪೈರ್ಸ್ ಅದೇ ಐದೂವರೆ ಗಂಟೆ ಮುಂದೆ. ಅಪ್ಪಯ್ಯನಿಗೆ ಪುಟವನ್ನ ಬೆರಳಲ್ಲಿ ಕೆಳಗೆ ಎಳೆದು ರಿಫ್ರೆಶ್ ಮಾಡೋದನ್ನ ಜೂನಿನಲ್ಲೇ ಹೇಳಿಕೊಟ್ಟಿದ್ದೆ. ಈಗ ಅವರು ಒಂದಲ್ಲ, ಮೂರು ಸಲ ಎಳೀತಾರೆ, ಬಾವಿಯಿಂದ ನೀರು ಸೇದೋ ಹಾಗೆ. ಒಂದು ಸಲ ಸಾಕು ಅಪ್ಪಯ್ಯ ಅಂದೆ.

"ನಿಮ್ಮ ಕೆಲಸ ಅಲ್ಲವಾ, ಒಂದು ಸಲಕ್ಕೆ ನಂಬಕ್ಕಾಗಲ್ಲ" ಅಂತ ಹೇಳಿ, ಕನ್ನಡಕ ಏರಿಸಿಕೊಂಡು, ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ದರವನ್ನ ಪೆನ್ಸಿಲಿನಿಂದ ಬರೆದರು. ಪಕ್ಕದಲ್ಲಿ ಗಂಟೆಯನ್ನೂ ಬರೆದರು.